ಕಪ್ಪು ಮರದ ಪುಡಿ, ಬಿಳಿ ಮರದ ಮೇಲೆ ಕಲೆ: ಕೆರೆಯುವುದೋ, ಸೀಲ್ ಮಾಡುವುದೋ, ದೂಳು ಎಳೆಯುವುದೋ?

ಬೀಟೆ ಮರದ ಪಕ್ಕ ಆಲೆ ಮರ ಅಂಟಿಸಿದರೆ ನೋಡಲು ಬಲು ಚೆಂದ. ಸ್ಯಾಂಡ್‌ಪೇಪರ್ ಹಿಡಿದ ಮೇಲೆ ಕಥೆ ಬೇರೆ. ಬೀಟೆಯ ನೇರಳೆಗಪ್ಪು ಪುಡಿ ಪಕ್ಕದ ಬಿಳಿ ಮರದ ಮೇಲೆಲ್ಲ ಹರಡುತ್ತದೆ. ಬಿಳಿ ಅನ್ನುವುದು ಬೂದು ಆಗುತ್ತದೆ. ಒರೆಸಿದ ಹಾಗೆ ಮಾಡಿ ಮೇಲೆ ಪಾಲಿಶ್ ಹಚ್ಚಿಬಿಟ್ಟರೆ ಆ ಬೂದು ಕಾಯಂ.

ಇದಕ್ಕೆ ಉಪಾಯ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಉಜ್ಜುವ ಮೊದಲೇ ಸೀಲರ್ ಹೊಡೆಯಿರಿ ಅಂತ ಒಬ್ಬರು. ಉಜ್ಜಲೇಬೇಡಿ, ಕೆರೆಯಿರಿ ಅಂತ ಇನ್ನೊಬ್ಬರು. ಒಳ್ಳೆ ವ್ಯಾಕ್ಯೂಮ್ ಇದ್ದರೆ ಸಾಕು ಅಂತ ಮತ್ತೊಬ್ಬರು. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಂದು ಜೋಡಿ ಮರಕ್ಕೆ ಸರಿಹೋದ ಉಪಾಯ ಇನ್ನೊಂದು ಜೋಡಿಯನ್ನು ಕೆಡಿಸಬಹುದು. ಯಾಕೆಂದರೆ ಕಲೆ ಒಂದೇ ಥರದ್ದಲ್ಲ.

ಪುಡಿ ಕೂತ ಕಲೆ, ಬಣ್ಣ ಕರಗಿದ ಕಲೆ

ಮೊದಲನೆಯದು ಬರೀ ಪುಡಿಯದ್ದು. ಕಪ್ಪು ಮರದ ಸಣ್ಣ ಕಣಗಳು ಬಿಳಿ ಮರದ ರಂಧ್ರಗಳಲ್ಲಿ ಹೋಗಿ ಕೂರುತ್ತವೆ. ಎಬೊನಿ ಅನ್ನುವ ಕರಿಮರ, ವಾಲ್‌ನಟ್, ವೆಂಗೆ ಇವುಗಳ ತೊಂದರೆ ಹೆಚ್ಚಾಗಿ ಇಷ್ಟೇ. ಪುಡಿ ತೆಗೆದರೆ ಕಲೆಯೂ ಹೋಯಿತು.

ಎರಡನೆಯದು ಬಣ್ಣ ಕರಗಿ ಹರಿಯುವುದು. ಬೀಟೆ, ರಕ್ತಚಂದನ, ಆಫ್ರಿಕಾದ ಪಡೌಕ್ ಇವುಗಳ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ರಕ್ತಚಂದನದ ಕೆಂಪು ನೀರಿನಲ್ಲಿ ಹೆಚ್ಚುಕಮ್ಮಿ ಬಿಡುವುದೇ ಇಲ್ಲ, ಸ್ಪಿರಿಟ್ ತಾಗಿದರೆ ಸಾಕು, ಇಳಿಯುತ್ತದೆ. ಹೊನ್ನೆ ಇದಕ್ಕೆ ಉಲ್ಟಾ. ಸಕ್ಕರೆ ಕಾಯಿಲೆಯವರು ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದನ್ನು ನೋಡಿರುತ್ತೀರಿ. ಬೆಳಿಗ್ಗೆ ಹೊತ್ತಿಗೆ ಆ ನೀರಿಗೆ ಬಣ್ಣ ಬಂದಿರುತ್ತದೆ ಅಲ್ವಾ? ಅಂಥ ಮರದ ಪುಡಿ ಬಿದ್ದ ಆಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಏನಾಗಬಹುದು, ನೀವೇ ಊಹಿಸಿ. ಹಲಸಿನದು ಇನ್ನೊಂದು ರೀತಿ. ಅದನ್ನು ನಾವು ತಿಳಿ ಬಣ್ಣದ ಮರ ಅಂತಲೇ ಲೆಕ್ಕ ಹಾಕುತ್ತೇವೆ. ಆದರೆ ಅದರ ಹಳದಿ ನಿಜವಾದ ಬಣ್ಣ. ಮ್ಯಾನ್ಮಾರ್, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಚೇಗಿನಿಂದಲೇ ಬಣ್ಣ ಹಾಕುವ ರೂಢಿ ಇತ್ತು. ಹಾಗಾಗಿ ಆಲೆಯ ಜೊತೆ ಕೂತರೆ ಹಲಸೇ ಕಲೆ ಮಾಡುವ ಪಾರ್ಟಿ.

ನಿಮ್ಮ ಮರ ಯಾವ ಗುಂಪಿನದು ಅಂತ ತಿಳಿಯಲು ಪುಸ್ತಕ ಬೇಡ. ಕೆಲಸದಿಂದ ಉಳಿದ ಕಪ್ಪು ಮರದ ತುಂಡು ತಗೊಳ್ಳಿ. 180 ನಂಬರಿನ ಸ್ಯಾಂಡ್‌ಪೇಪರಲ್ಲಿ (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು) ಸ್ವಲ್ಪ ಉಜ್ಜಿ, ಪುಡಿ ಕೊಡವಿ. ಮೂರು ಬಿಳಿ ಹತ್ತಿ ಬಟ್ಟೆ ಚೂರುಗಳಲ್ಲಿ ಒಂದನ್ನು ನೀರಲ್ಲಿ, ಒಂದನ್ನು ಸ್ಪಿರಿಟ್‌ನಲ್ಲಿ, ಒಂದನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿ. ಯಾವ ಬಟ್ಟೆಗೆ ಬಣ್ಣ ಹತ್ತುತ್ತದೋ ಆ ದ್ರವ ನಿಮ್ಮ ಕೆಲಸಕ್ಕೆ ಶತ್ರು. ಒಂದು ಎಚ್ಚರಿಕೆ: ಮೊದಲ ಒರೆಸಿಗೆ ಪುಡಿಯೂ ಹತ್ತುತ್ತದೆ. ಬಟ್ಟೆಯ ಹೊಸ ಭಾಗದಲ್ಲಿ ಎರಡು ಮೂರು ಸಲ ಒರೆಸಿ ನೋಡಿ. ಆಮೇಲೂ ಬಣ್ಣ ಬರುತ್ತಿದ್ದರೆ ಅದು ಕರಗುತ್ತಿದೆ ಅಂತಲೇ ಅರ್ಥ. ಮುಂದಿನ ಆಯ್ಕೆಗಳೆಲ್ಲ ಈ ಬಟ್ಟೆಯ ಮೇಲೆ ನಿಂತಿವೆ.

ಬಿಳಿ ಮರದ ಕಡೆಯೂ ಒಮ್ಮೆ ನೋಡಿ. ಆಲೆ, ಮೇಪಲ್ ಥರದವು ಸಣ್ಣ ರಂಧ್ರದ ನುಣುಪು ಮರಗಳು. ಪುಡಿ ಮೇಲೆ ಕೂರುತ್ತದೆ, ಒಳಗೆ ಇಳಿಯುವುದು ಕಡಿಮೆ. ರಬ್ಬರ್ ಮರ, ಆ್ಯಶ್, ಓಕ್ ಇವುಗಳ ರಂಧ್ರ ಬರಿಗಣ್ಣಿಗೇ ಕಾಣುತ್ತದೆ, ಪುಡಿ ಅಲ್ಲೇ ಸಾಲಾಗಿ ತುಂಬಿಕೊಳ್ಳುತ್ತದೆ. ಮರ ಇನ್ನೂ ಕೊಂಡಿಲ್ಲ ಅಂದರೆ ಅರ್ಧ ಸಮಸ್ಯೆ ಇಲ್ಲೇ ಮುಗಿಸಬಹುದು. ಬೀಟೆಯ ಜೊತೆ ರಬ್ಬರ್ ಮರ ಬೇಡ, ಆಲೆ ಹುಡುಕಿ. ರಬ್ಬರ್ ಮರವೇ ಇರಲಿ ಅಂದರೆ ಜೊತೆಗೆ ವಾಲ್‌ನಟ್‌ನಂಥ ಬಣ್ಣ ಬಿಡದ ಮರ ಇಟ್ಟುಕೊಳ್ಳಿ.

ಕೆರೆಯುವುದು

ನನ್ನನ್ನು ಕೇಳಿದರೆ ಮೊದಲ ಆಯ್ಕೆ ಇದೇ. ಸ್ಯಾಂಡ್‌ಪೇಪರ್ ಮರವನ್ನು ಪುಡಿ ಮಾಡುತ್ತದೆ, ಮಾಡಿದ ಪುಡಿಯನ್ನು ಅದೇ ಒತ್ತಡದಲ್ಲಿ ರಂಧ್ರದೊಳಗೆ ತುಂಬುತ್ತದೆ. ಸ್ಕ್ರೇಪರ್ ಹಾಗಲ್ಲ. ಅದು ತೆಳುವಾದ ಸಿಪ್ಪೆ ಎತ್ತುತ್ತದೆ. ಸಿಪ್ಪೆ ರಂಧ್ರಕ್ಕೆ ಇಳಿಯುವುದಿಲ್ಲ, ಉಫ್ ಅಂದರೆ ಹಾರಿಹೋಗುತ್ತದೆ.

ಸ್ಕ್ರೇಪರ್ ಅಂದರೆ ದೊಡ್ಡ ಸಾಮಾನೇನೂ ಅಲ್ಲ. ಅಂಗೈಯಗಲದ ತೆಳು ಉಕ್ಕಿನ ತಗಡು. ಹಳೇ ಕೈಗರಗಸದ ಅಲಗಿನಿಂದ ಕತ್ತರಿಸಿಕೊಂಡರೂ ನಡೆಯುತ್ತದೆ. ಅಂಚನ್ನು ಅರದಿಂದ ನೇರ ಮಾಡಿ, ಸಾಣೆಕಲ್ಲಿಗೆ ಹಿಡಿದು, ಗಟ್ಟಿ ಉಕ್ಕಿನ ಸರಳಿನಿಂದ ಒತ್ತಿ ಎಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಬರುತ್ತದೆ. ಕೆಲಸ ಮಾಡುವುದು ಆ ಕೊಕ್ಕೆ. ಕೆಳಗೆ ಸಿಪ್ಪೆಯ ಬದಲು ಪುಡಿ ಬೀಳುತ್ತಿದೆ ಅಂದರೆ ಕೊಕ್ಕೆ ಮೊಂಡಾಗಿದೆ, ಮತ್ತೆ ಹರಿತ ಮಾಡಿ. ನಮ್ಮ ಹಳೇ ಆಚಾರ್ರುಗಳು ಇದೇ ಕೆಲಸಕ್ಕೆ ಒಡೆದ ಗಾಜಿನ ಚೂರು ಬಳಸುತ್ತಿದ್ದರು. ಗಾಜು ಚೆನ್ನಾಗಿಯೇ ಕೆರೆಯುತ್ತದೆ, ಆದರೆ ಬೇಗ ಮೊಂಡಾಗುತ್ತದೆ, ಬೆರಳಿಗೂ ಅಪಾಯ. ಹೊಸಬರಿಗೆ ಬೇಡ.

ಗಿಟಾರ್ ಮಾಡುವವರು ಈ ಸಮಸ್ಯೆಯ ಜೊತೆ ದಿನಾ ಬದುಕುವವರು. ನಮ್ಮ ಕಡೆಯ ಬೀಟೆ ಜಗತ್ತಿನ ಎಷ್ಟೋ ಗಿಟಾರ್‌ಗಳ ಹಿಂಬದಿಗೂ ಪಕ್ಕಕ್ಕೂ ಹೋಗಿದೆ. ಅದರ ಅಂಚಿಗೆ ಮೇಪಲ್‌ನ ಬಿಳಿ ಪಟ್ಟಿ, ಮುಂದೆ ಸ್ಪ್ರೂಸ್‌ನ ಬಿಳಿ ಹಲಗೆ. ಅವರು ಕೊನೆಯ ಹಂತದಲ್ಲಿ ಆ ಬಿಳಿ ಪಟ್ಟಿಯನ್ನು ಸ್ಕ್ರೇಪರ್‌ನಿಂದ ಒಂದೊಂದೇ ಎಳೆ ಕೆರೆದು ಬಿಳುಪು ಮರಳಿ ತರುತ್ತಾರೆ.

ಕೆರೆಯುವುದರ ಮಿತಿಯನ್ನೂ ಹೇಳಬೇಕು. ಅಡ್ಡ ಕೊಯ್ದ ಮರದ ಮುಖದ ಮೇಲೆ, ಅಂದರೆ ನಾರಿನ ತುದಿಗಳೇ ಮೇಲೆ ಕಾಣುವ ಕಡೆ, ಸ್ಕ್ರೇಪರ್ ಸರಿಯಾಗಿ ಸಿಪ್ಪೆ ಎತ್ತುವುದಿಲ್ಲ. ಮೆತ್ತನೆ ಮರದ ಮೇಲೂ ಅಷ್ಟಕ್ಕಷ್ಟೇ, ನಾರು ಒತ್ತಿಹೋಗುತ್ತದೆ. ಒಂದೇ ಕಡೆ ಜಾಸ್ತಿ ಕೆರೆದರೆ ಅಲ್ಲಿ ತಗ್ಗು ಬೀಳುತ್ತದೆ, ಹೊಳಪು ಪಾಲಿಶ್ ಆದ ಮೇಲೆ ಅದು ಎದ್ದು ಕಾಣುತ್ತದೆ. ಮಂಚದ ತಲೆಹಲಗೆಯಂಥ ದೊಡ್ಡ ಮೇಲ್ಮೈಯನ್ನು ಪೂರ್ತಿ ಕೆರೆಯುತ್ತೇನೆ ಅಂದರೆ ಹೆಬ್ಬೆರಳು ಸುಡುತ್ತದೆ. ತಗಡು ಅಷ್ಟು ಬಿಸಿಯಾಗುತ್ತದೆ. ದೊಡ್ಡ ಮೇಲ್ಮೈಗೆ ಹರಿತವಾದ ತೋಪಡದಿಂದಲೇ (ಮರ ಹೆರೆಯುವ ಸಾಧನ) ಹತ್ತಿರ ಹತ್ತಿರ ಮುಗಿಸಿ, ಉಜ್ಜುವ ಕೆಲಸವನ್ನು ಆದಷ್ಟು ಕಡಿಮೆ ಉಳಿಸಿಕೊಳ್ಳುವುದು ಜಾಣತನ.

ಮೊದಲೇ ಸೀಲ್ ಮಾಡುವುದು

ಇದು ಹೆಚ್ಚು ಜನ ಹೇಳುವ ಉಪಾಯ, ಹೆಚ್ಚು ಜನ ಕೆಡಿಸಿಕೊಳ್ಳುವ ಉಪಾಯವೂ ಹೌದು. ಲೆಕ್ಕ ಸರಳ. ಬಿಳಿ ಮರದ ರಂಧ್ರಗಳಿಗೆ ಮೊದಲೇ ತೆಳುವಾದ ಪಾಲಿಶ್ ತುಂಬಿಸಿದರೆ ಆಮೇಲೆ ಪುಡಿಗೆ ಜಾಗವಿಲ್ಲ. ಕೊನೆಯ ಉಜ್ಜಾಟಕ್ಕೆ ಆ ಪದರ ಹೋಗುತ್ತದೆ, ಜೊತೆಗೆ ಪುಡಿಯೂ.

ಸೀಲ್ ಮಾಡಲು ಅರಗಿನ ಪಾಲಿಶ್, ಅಂದರೆ ಶೆಲಾಕ್, ತುಂಬಾ ಒಳ್ಳೆಯದು. ಬೇಗ ಒಣಗುತ್ತದೆ. ಅದರ ಮೇಲೆ ಬಹುತೇಕ ಎಲ್ಲ ಪಾಲಿಶ್‌ಗಳೂ ಹಿಡಿಯುತ್ತವೆ, ಮೇಣ ತೆಗೆದ ಶೆಲಾಕ್ ಆಗಿದ್ದರೆ ಮಾತ್ರ. ಮೇಣ ಇರುವ ಅರಗಿನ ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಸರಿಯಾಗಿ ಕಚ್ಚುವುದಿಲ್ಲ. ಬಣ್ಣವೂ ಮುಖ್ಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಕಿತ್ತಳೆ ಬಣ್ಣದ ಚಕ್ಕೆ ಹಾಕಿದರೆ ಆಲೆಯ ಬಿಳುಪಿಗೆ ಅದೇ ಮೊದಲ ಕಲೆ. ಮೇಣ ತೆಗೆದ, ತಿಳಿ ಬಣ್ಣದ ಚಕ್ಕೆಯನ್ನೇ ಕೇಳಿ. 1 ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಚಕ್ಕೆ ಹಾಕಿ ರಾತ್ರಿಯಿಡೀ ಬಿಟ್ಟರೆ ತೆಳು ಪಾಲಿಶ್ ಸಿದ್ಧ. ಸೀಲ್ ಮಾಡಲು ಇದಕ್ಕಿಂತ ದಪ್ಪ ಬೇಡ. ಕರಗಿಸಿದ್ದನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ, ಹಳತಾದರೆ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು: ಮಳೆ ಹಿಡಿದ ದಿನ ಹಚ್ಚಿದರೆ ಗಾಳಿಯ ತೇವಕ್ಕೆ ಶೆಲಾಕ್ ಮೇಲೆ ಬಿಳಿ ಮಂಜು ಕೂರುತ್ತದೆ. ಬಿಸಿಲು ಕಂಡ ದಿನ ನೋಡಿಕೊಂಡು ಹಚ್ಚಿ.

ಈಗ ಬಟ್ಟೆ ಪರೀಕ್ಷೆಗೆ ಬನ್ನಿ. ಶೆಲಾಕ್ ಕರಗಿರುವುದು ಸ್ಪಿರಿಟ್‌ನಲ್ಲಿ. ನಿಮ್ಮ ಕಪ್ಪು ಮರ ಸ್ಪಿರಿಟ್‌ಗೆ ಬಣ್ಣ ಬಿಡುವಂಥದ್ದಾದರೆ, ಬೀಟೆಯಿಂದ ಆಲೆಗೆ ಬ್ರಷ್ ಎಳೆದ ಕೂಡಲೇ ನೇರಳೆ ಗೆರೆ ಮೂಡುತ್ತದೆ. ಪುಡಿಯ ಕಲೆ ತಪ್ಪಿಸಲು ಹೋಗಿ ಬಣ್ಣದ ಕಲೆ ಮಾಡಿಕೊಂಡ ಹಾಗಾಯಿತು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರ್ ಬಳಸಿದರೆ ತಪ್ಪುತ್ತದೆಯೇ? ಇಲ್ಲ. ಅದರ ಥಿನ್ನರ್ ಸ್ಪಿರಿಟ್‌ಗಿಂತಲೂ ಜೋರು. ನೀರಿನ ಪಿಯು ಆದರೆ ಬೀಟೆ, ರಕ್ತಚಂದನಕ್ಕೆ ಸ್ವಲ್ಪ ವಾಸಿ. ಆದರೆ ಅಂಥ ಪಾಲಿಶ್‌ಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ಕ್ಷಾರದ ಗುಣ ಇರುತ್ತದೆ. ಹೊನ್ನೆಯಂಥ, ಟ್ಯಾನಿನ್ ಅನ್ನುವ ಒಗರಿನ ಅಂಶ ಜಾಸ್ತಿ ಇರುವ ಮರದಿಂದ ಅದು ಬಣ್ಣ ಎಳೆಯುತ್ತದೆ. ಉಳಿದ ತುಂಡಿನ ಮೇಲೆ ನೋಡದೆ ನೇರವಾಗಿ ಹಚ್ಚಬೇಡಿ.

ಹಾಗಾದರೆ ಬೀಟೆಗೆ ಶೆಲಾಕ್ ಬೇಡವೇ? ಬೇಕು, ಹಚ್ಚುವ ರೀತಿ ಬೇರೆ. ಸಾಧ್ಯವಾದರೆ ಜೋಡಿಸುವ ಮೊದಲೇ ಬಿಳಿ ತುಂಡಿನ ಮೇಲ್ಮುಖಕ್ಕೆ ಮಾತ್ರ ಹಚ್ಚಿ ಒಣಗಿಸಿ, ಅಂಟು ಹಾಕುವ ಮುಖಕ್ಕೆ ತಾಗಿಸಬೇಡಿ. ಈಗಾಗಲೇ ಜೋಡಿಸಿದ್ದಾಗಿದ್ದರೆ ಬ್ರಷ್ ಬದಲು ಸ್ಪ್ರೇ ಮಾಡಿ. ಮಂಜು ಬಿದ್ದಷ್ಟು ತೆಳುವಾಗಿ, ಬಿದ್ದ ಕೂಡಲೇ ಒಣಗುವಂತೆ, ಎರಡು ಮೂರು ಸಲ. ಮೇಲೆ ದ್ರವ ನಿಲ್ಲದಿದ್ದರೆ ಬಣ್ಣ ಹರಿಯಲು ದಾರಿ ಇರುವುದಿಲ್ಲ. ಸ್ಪ್ರೇ ಇಲ್ಲದವರು ಸಣ್ಣ ಕುಂಚದಲ್ಲಿ ಬಿಳಿ ಭಾಗಕ್ಕೆ ಮಾತ್ರ, ಗೆರೆ ದಾಟದಂತೆ ಹಚ್ಚಬಹುದು. ಎರಡೇ ಪಟ್ಟಿಯ ಕೆಲಸಕ್ಕೆ ಇದು ಸುಲಭ. ಮರದೊಳಗೆ ಬೇರೆ ಬಣ್ಣದ ತುಂಡು ಕೂರಿಸುವ ಹೂಬಳ್ಳಿಯ ಇನ್‌ಲೇ ಕೆಲಸಕ್ಕೆ ತಾಳ್ಮೆ ಪರೀಕ್ಷೆ.

ಕರಿಮರ ಅಥವಾ ವಾಲ್‌ನಟ್ ಆಗಿದ್ದು, ಬಟ್ಟೆಗೆ ಏನೂ ಹತ್ತದಿದ್ದರೆ ಈ ಯಾವ ತಲೆಬಿಸಿಯೂ ಇಲ್ಲ. ಪುಡಿ ಪೂರ್ತಿ ತೆಗೆದು ಬ್ರಷ್‌ನಲ್ಲೇ ಸೀಲ್ ಮಾಡಿ, ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಉಜ್ಜಿ.

ಒಂದು ವಿಷಯ ಮಾತ್ರ ಯೋಚಿಸಿ. ಕೊನೆಗೆ ಅಗಸೆ ಎಣ್ಣೆಯಂಥ ಒಳಗೆ ಇಳಿಯುವ ಪಾಲಿಶ್ ಹಾಕುವ ಯೋಚನೆ ಇದ್ದರೆ ಸೀಲ್ ಮಾಡಿದ ಜಾಗ ಎಣ್ಣೆ ಕುಡಿಯುವುದಿಲ್ಲ. ಅಲ್ಲಲ್ಲಿ ಸೀಲ್ ಉಳಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಎಣ್ಣೆ ಕೆಲಸಕ್ಕೆ ಕೆರೆಯುವ ದಾರಿಯೇ ಸರಿ.

ಉಜ್ಜಲೇಬೇಕು ಅಂದರೆ

ಬಹಳಷ್ಟು ಕೆಲಸಗಳಲ್ಲಿ ಸ್ಯಾಂಡ್‌ಪೇಪರ್ ತಪ್ಪುವುದಿಲ್ಲ. ಆಗ ಪುಡಿ ಕೂರುವ ಮೊದಲೇ ಎಳೆದುಕೊಳ್ಳುವುದು, ಕೂತ ಮೇಲೆ ಊದಿ ತೆಗೆಯುವುದು, ಎರಡು ದಾರಿ. ಮೊದಲನೆಯದಕ್ಕೇ ನನ್ನ ಓಟು. ತೂತು ಇರುವ ಡಿಸ್ಕ್ ಅಥವಾ ಬಲೆಯಂಥ ಮೆಶ್ ಪೇಪರ್ ಹಾಕಿದ ಆರ್ಬಿಟಲ್ ಸ್ಯಾಂಡರ್ ಅನ್ನುವ ಉಜ್ಜುವ ಯಂತ್ರಕ್ಕೆ ವ್ಯಾಕ್ಯೂಮ್ ಪೈಪ್ ಜೋಡಿಸಿದರೆ ಪುಡಿ ಒತ್ತಿಕೊಳ್ಳಲು ಸಮಯವೇ ಸಿಗುವುದಿಲ್ಲ. ಕಂಪ್ರೆಸರ್ ಗಾಳಿಯ ಬಲ ಬೇರೆ ಕಡೆ: ರಂಧ್ರದ ಆಳದಲ್ಲಿ ಕೂತದ್ದನ್ನು ವ್ಯಾಕ್ಯೂಮ್‌ಗಿಂತ ಚೆನ್ನಾಗಿ ಎಬ್ಬಿಸುತ್ತದೆ. ಆದರೆ ಎಬ್ಬಿಸಿದ್ದೆಲ್ಲ ನಿಮ್ಮ ಮೂಗಿಗೆ. ಪೈಪಿನಲ್ಲಿ ನೀರು ಸೇರಿದ್ದರೆ ಹನಿಗಳು ಮರದ ಮೇಲೆ ಬಿದ್ದು ಬೇರೆ ಕಲೆ ಮಾಡುತ್ತವೆ, ಹೊನ್ನೆ ಇದ್ದರಂತೂ ಕೇಳಲೇಬೇಡಿ. ಮೊದಲು ಪೈಪನ್ನು ಖಾಲಿ ಗಾಳಿಗೆ ಬಿಟ್ಟು ನೋಡಿ, ಹೊರಗೆ ಅಂಗಳದಲ್ಲಿ ಊದಿ.

ಯಂತ್ರಕ್ಕಿಂತ ಜಾಸ್ತಿ ಫಲ ಕೊಡುವುದು ಕೈ ಓಡುವ ದಿಕ್ಕು. ಉದ್ದುದ್ದ ಪಟ್ಟಿ ಜೋಡಿಸಿದ ಹಲಗೆಯಲ್ಲಿ ಅಂಟಿನ ಗೆರೆಯೂ ಮರದ ನಾರೂ ಒಂದೇ ದಿಕ್ಕಿಗೆ ಇರುತ್ತವೆ. ಚಪ್ಪಟೆ ಮರದ ತುಂಡಿಗೆ ಪೇಪರ್ ಸುತ್ತಿ ಆ ದಿಕ್ಕಿನಲ್ಲೇ ಉಜ್ಜಿದರೆ ಕಪ್ಪು ಪುಡಿ ಬಹುಪಾಲು ಕಪ್ಪು ಪಟ್ಟಿಯಲ್ಲೇ ಉಳಿಯುತ್ತದೆ. ಆರ್ಬಿಟಲ್ ಸುತ್ತುತ್ತಾ ಹೋಗುತ್ತದೆ, ಅದಕ್ಕೆ ಗಡಿ ಗೊತ್ತಿಲ್ಲ. ಹಾಗಾಗಿ 150ರ ತನಕ ಯಂತ್ರ, 180 ಮತ್ತು 220 ಕೈಯಲ್ಲಿ. ಯಂತ್ರವನ್ನು ಒತ್ತಿ ಹಿಡಿದರೆ ಬಿಸಿಗೆ ಬೀಟೆಯೊಳಗಿನ ರಾಳ ಮೆತ್ತಗಾಗಿ ಪೇಪರಿಗೆ ಹಿಡಿದುಕೊಳ್ಳುತ್ತದೆ, ಆ ಪೇಪರ್ ಆಮೇಲೆ ಉಜ್ಜುವುದಿಲ್ಲ, ಬಳಿಯುತ್ತದೆ. ಪೇಪರ್ ಬೇಗ ಬದಲಿಸಿ. ಉಪ್ಪುಕಾಗದದ ಎರಡು ಹಾಳೆ ಉಳಿಸಲು ಹೋಗಿ ಹಲಗೆ ಕಳೆದುಕೊಳ್ಳುವುದು ಯಾವ ಲೆಕ್ಕ?

ಬೀಟೆಯ ಪುಡಿ ಕೆಲವರಿಗೆ ಚರ್ಮದಲ್ಲಿ ತುರಿಕೆ, ಉಸಿರಿಗೆ ತೊಂದರೆ ಕೊಡುತ್ತದೆ. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕರ್ಚೀಫ್ ಸಾಲದು, ಎನ್95 ಮಾಸ್ಕ್ ಹಾಕಿ.

ಒರೆಸುವ ವಿಷಯ ಚಿಕ್ಕದು. ಬಟ್ಟೆ ಪರೀಕ್ಷೆಯಲ್ಲಿ ಯಾವುದಕ್ಕೆ ಬಣ್ಣ ಹತ್ತಲಿಲ್ಲವೋ ಅದರಲ್ಲಿ ಒರೆಸಿ. ಬೀಟೆಗೆ ಅದು ಸಾಮಾನ್ಯವಾಗಿ ಮಿನರಲ್ ಟರ್ಪೆಂಟೈನ್. ಬಿಳಿಯಿಂದ ಕಪ್ಪಿನ ಕಡೆಗೆ ಎಳೆಯಿರಿ, ತಿರುಗಿ ಬರಬೇಡಿ.

ಜೋಡಿಸುವ ಮೊದಲೇ ಪಾಲಿಶ್

ಬಾಗಿಲು, ಕಪಾಟು, ಮಂಚದಂಥ ಕೆಲಸದಲ್ಲಿ ಕಪ್ಪು ಚೌಕಟ್ಟಿನೊಳಗೆ ಬಿಳಿ ಹಲಗೆ ಕೂರುವುದಾದರೆ ಇಷ್ಟೆಲ್ಲ ಬೇಡವೇ ಬೇಡ. ಹಲಗೆಯನ್ನು ಬೇರೆಯಾಗಿ ಉಜ್ಜಿ, ಪಾಲಿಶ್ ಮುಗಿಸಿ, ಆಮೇಲೆ ಚೌಕಟ್ಟಿನ ಗಾಡಿಗೆ, ಅಂದರೆ ಹಲಗೆ ಕೂರುವ ಸಂದಿಗೆ, ಸೇರಿಸಿ. ಮಳೆಗಾಲದಲ್ಲಿ ಹಲಗೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿದಾಗ ಪಾಲಿಶ್ ಕಾಣದ ಬಿಳಿ ಅಂಚು ಹೊರಗೆ ಬರುವುದೂ ತಪ್ಪುತ್ತದೆ. ಆಚಾರ್ರಿಗೆ ಕೆಲಸ ಕೊಟ್ಟಿದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಹೆಚ್ಚಿನ ಕಡೆ ಮರಗೆಲಸದವರು ಬೇರೆ, ಪಾಲಿಶ್‌ನವರು ಬೇರೆ. ಪೂರ್ತಿ ಜೋಡಿಸಿ ಹೋದ ಮೇಲೆ ಪಾಲಿಶ್‌ನವರು ಬಂದು ಎಲ್ಲವನ್ನೂ ಒಟ್ಟಿಗೆ ಉಜ್ಜುತ್ತಾರೆ. ಆಮೇಲೆ ಯಾರನ್ನು ಬೈದರೂ ಪ್ರಯೋಜನವಿಲ್ಲ.

ಯಾವ ಕೆಲಸಕ್ಕೆ ಯಾವುದು

ಇನ್‌ಲೇ ಪೆಟ್ಟಿಗೆ. ಮೈಸೂರಿನ ಇನ್‌ಲೇಯಲ್ಲಿ ಬೀಟೆಯ ಹಲಗೆಗೆ ಬೇರೆ ಬೇರೆ ಬಣ್ಣದ ತುಂಡುಗಳನ್ನು ಕೂರಿಸುತ್ತಾರೆ. ಹಿಂದೆ ಬಿಳಿಗೆ ದಂತ ಬಳಸುತ್ತಿದ್ದರು. ದಂತಕ್ಕೆ ಮರದಂಥ ತೆರೆದ ರಂಧ್ರಗಳಿಲ್ಲ, ಪುಡಿ ಒರೆಸಿದರೆ ಹೋಗುತ್ತಿತ್ತು. ಆ ಜಾಗಕ್ಕೆ ಬಿಳಿ ಮರ ಬಂದಾಗ ಪುಡಿಯ ಕಾಟ ಹೆಚ್ಚು. ಇಲ್ಲಿ ಉಜ್ಜುವ ದಿಕ್ಕಿನ ಉಪಾಯ ನಡೆಯುವುದಿಲ್ಲ, ಎಲ್ಲ ಕಡೆಯೂ ಗಡಿ. ಕೆರೆಯಿರಿ, ಆಮೇಲೆ ಶೆಲಾಕ್ ಸ್ಪ್ರೇ. ಬಿಳಿ ತುಂಡು ತೀರಾ ತೆಳುವಾಗಿದ್ದರೆ ಎಷ್ಟು ಕೆರೆಯಬಹುದು ಅಂತ ಮೊದಲೇ ಲೆಕ್ಕ ಇರಲಿ.

ತರಕಾರಿ ಹೆಚ್ಚುವ ಹಲಗೆ. ಉದ್ದ ನಾರಿನದ್ದಾದರೆ ತೋಪಡ, ಸ್ಕ್ರೇಪರ್, ಕೊನೆಗೆ ಕೈಯಲ್ಲಿ ನಾರಿನ ದಿಕ್ಕಿಗೆ 220. ಅಡ್ಡ ಕೊಯ್ದ ಚೌಕಗಳ ಹಲಗೆ ಇದ್ದರೆ ಕಷ್ಟ, ರಂಧ್ರಗಳು ಸ್ಟ್ರಾಗಳ ಹಾಗೆ ನೇರ ಕೆಳಕ್ಕೆ ಇರುತ್ತವೆ. ಕೆರೆಯಲು ಆಗುವುದಿಲ್ಲ. ಮೇಲೆ ಗಟ್ಟಿ ಪದರದ ಪಾಲಿಶ್ ಹಾಕಿದರೆ ಚಾಕು, ನೀರು ಎರಡಕ್ಕೂ ಏಳುತ್ತದೆ. ಇಲ್ಲಿ ವ್ಯಾಕ್ಯೂಮ್, ಆಮೇಲೆ ಗಾಳಿ, ಕೊನೆಗೆ ಮೆಡಿಕಲ್ ಶಾಪ್‌ನ ಲಿಕ್ವಿಡ್ ಪ್ಯಾರಾಫಿನ್. ಬೀಟೆ, ಪಡೌಕ್ ಈ ಹಲಗೆಗೆ ಬೇಡ. ಬಣ್ಣ ಬಿಡದ ವಾಲ್‌ನಟ್ ಜೊತೆ ಮೇಪಲ್ ಹಾಕಿ, ನೆಮ್ಮದಿ.

ಈಗಾಗಲೇ ಕಲೆ ಬಿದ್ದಿದ್ದರೆ

ಪಾಲಿಶ್ ಇನ್ನೂ ಹಚ್ಚಿಲ್ಲ ಅಂದರೆ ಗಾಬರಿ ಬೇಡ. ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ನಾರಿನ ದಿಕ್ಕಿಗೆ ಉಜ್ಜುತ್ತಾ ವ್ಯಾಕ್ಯೂಮ್ ಹಿಡಿಯಿರಿ. ಆಮೇಲೆ ಮಾಸ್ಕಿಂಗ್ ಟೇಪ್ ಗಟ್ಟಿಯಾಗಿ ಒತ್ತಿ ಕಿತ್ತು ನೋಡಿ, ಟೇಪಿಗೆ ಕಪ್ಪು ಬರುತ್ತಿರುವ ತನಕ ಹೊಸ ಟೇಪ್. ಉಳಿದದ್ದಕ್ಕೆ ಸ್ಕ್ರೇಪರ್. ಶೆಲಾಕ್ ಬಣ್ಣ ಎಳೆದು ನೇರಳೆ ಗೆರೆ ಬಿದ್ದಿದ್ದರೆ, ಒಣಗುವ ಮೊದಲು ಸ್ಪಿರಿಟ್ ತಾಗಿಸಿದ ಬಟ್ಟೆಯ ಮಡಿಕೆಯಿಂದ ಬಿಳಿ ಭಾಗವನ್ನಷ್ಟೇ ಒರೆಸಬಹುದು. ಒಣಗಿದ ಮೇಲೆ ಕೆರೆಯುವುದೊಂದೇ ದಾರಿ. ಪಿಯು ಪೂರ್ತಿ ಹಚ್ಚಿ ಆಗಿದ್ದರೆ ಆ ಭಾಗದ ಪಾಲಿಶ್ ತೆಗೆಯಲೇಬೇಕು.

ಕೆಲವು ಸಲ ಕಲೆಗೆ ಪುಡಿ ಕಾರಣವೇ ಅಲ್ಲ. ಸ್ಟೀಲ್ ವುಲ್‌ನಿಂದ ಉಜ್ಜಿದ್ದರೆ ಕಬ್ಬಿಣದ ಎಳೆಗಳು ಮರದಲ್ಲಿ ಸಿಕ್ಕಿಕೊಂಡಿರುತ್ತವೆ. ತೇವ ತಾಗಿದಾಗ ಮತ್ತಿ, ಹೊನ್ನೆಯಂಥ ಮರದ ಟ್ಯಾನಿನ್ ಜೊತೆ ಸೇರಿ ಅವು ನೀಲಿಗಪ್ಪು ಚುಕ್ಕೆಗಳಾಗುತ್ತವೆ. ಟೇಪಿಗೆ ಏನೂ ಬರುವುದಿಲ್ಲ, ಟರ್ಪೆಂಟೈನ್‌ಗೂ ಜಗ್ಗುವುದಿಲ್ಲ, ಆದರೆ ಚುಕ್ಕೆ ಹಾಗೇ ಇದೆ ಅಂದರೆ ಅನುಮಾನ ಇದರ ಮೇಲೆ. ಇದಕ್ಕೆ ನೀರಲ್ಲಿ ಕರಗಿಸಿದ ಆಕ್ಸಾಲಿಕ್ ಆಸಿಡ್ ಹಚ್ಚಿದರೆ ಚುಕ್ಕೆ ಮಾಯವಾಗುತ್ತದೆ. ಅದು ವಿಷ, ಗ್ಲೌಸ್ ಹಾಕಿಯೇ ಮುಟ್ಟಿ. ಆಮೇಲೆ ನೀರಲ್ಲಿ ಚೆನ್ನಾಗಿ ಒರೆಸಿ ತೆಗೆಯಬೇಕು. ಮೇಲೆ ಉಳಿದ ಹರಳನ್ನು ಒಣಗಿದ ಮೇಲೆ ಉಜ್ಜಿದರೆ ಆ ಪುಡಿ ಗಂಟಲು ಕೆರೆಯುತ್ತದೆ. ಪಕ್ಕದಲ್ಲಿರುವುದು ನೀರಿಗೆ ಬಣ್ಣ ಬಿಡುವ ಹೊನ್ನೆಯಾದರೆ ಈ ದ್ರವವನ್ನು ಇಡೀ ಹಲಗೆಗೆ ಬಳಿಯಬೇಡಿ, ಚುಕ್ಕೆಯ ಮೇಲಷ್ಟೇ ಸಣ್ಣ ಕುಂಚದಲ್ಲಿ ಮುಟ್ಟಿಸಿ.